ಅರ್ಧಕ್ಕೆ ನಿಂತ ಹಲ್ಲು

ಮಾನ್ವಿ,
೨ ಫೆಬ್ರುವರಿ ೨೦೨೬

ಪ್ರೀತಿಯ ಉಮಾದೇವಿಗೆ, ನಿನ್ನ ಜಾಹೆದಾ ಅಮ್ಮಿಯ ಆಶೀರ್ವಾದಗಳು.

ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲೇ ಮಾತಾಡೋಣವೆಂದು ಇಷ್ಟು ದಿನ ಕಾದೆ. ನೀನೋ, ನನ್ನ ಹೆಸರು ಕಂಡರೆ ಫೋನು ಎತ್ತುವುದಿಲ್ಲ. ಜೀವಮಾನವೆಲ್ಲ ಶಾಲೆಯಲ್ಲಿ ಕನ್ನಡ ಕಲಿಸಿದವಳಿಗೆ ಕಾಗದ ಬರೆಯುವುದೇನು ಮಹಾ! ಇದನ್ನು ನೀನು ಕಟ್ ಮಾಡಲೂ ಆಗುವುದಿಲ್ಲ.

ಮೊದಲು ನನ್ನ ಮುಖದ ಸಮಾಚಾರ. ದೀಪಾವಳಿಯ ನಂತರ ನೀನು ನನ್ನ ಮೇಲಿನ ದವಡೆ ಹಲ್ಲಿನ ಬೇರು ತೊಳೆಯುವಾಗ ಔಷಧಿ ಬೇರಿನ ತುದಿ ದಾಟಿ ಹೋಗಿ, ಕೆನ್ನೆ ಪೂರಿಯ ಹಾಗೆ ಉಬ್ಬಿತ್ತಲ್ಲ, ಅದು ಪೂರ್ತಿ ಇಳಿದಿದೆ. ಕಣ್ಣಿನ ಕೆಳಗಿನ ಕಪ್ಪೂ ಹೋಯಿತು. ತುಟಿಯ ಜೋಮು ಬಿಡುವುದು ಮಾತ್ರ ತಡವಾಯಿತು. ಈಗ ಚಹಾ ಸೋರದಂತೆ ಕುಡಿಯುತ್ತೇನೆ. ಆ ಔಷಧಿ ಬಿಡದೆ ಬೇರಿನೊಳಗಿನ ಸೋಂಕು ಸಾಯುವುದಿಲ್ಲ, ಎಂಥ ಕೈಯಲ್ಲೂ ಅಪರೂಪಕ್ಕೆ ಹೀಗಾಗುತ್ತದೆ ಎಂದು ಆತಿಯಾ ಹೆತ್ತ ತಾಯಿಗೇ ಪಾಠ ಮಾಡಿದ್ದಾಳೆ. ರಾಯಚೂರಿನಲ್ಲಿ ನಿನ್ನ ಜೊತೆಗೇ ಓದಿದವಳು, ನಿನ್ನ ಜೊತೆಗೇ ಕ್ಲಿನಿಕ್ ತೆರೆದವಳು, ಸುಳ್ಳು ಹೇಳುತ್ತಾಳೆಯೇ? ಆದರೆ ನೀನು ಮರುದಿನವೇ "ನನ್ನ ಕೈ ಸರಿ ಇಲ್ಲ, ಇನ್ನ ಈ ಕೆಲಸ ಒಲ್ಲೆ" ಎಂದು ಅವಳಿಗೆ ಹೇಳಿ ದೇವದುರ್ಗದ ಬಸ್ಸು ಹತ್ತಿದೆ.

ನನ್ನ ಹಲ್ಲು ಅಲ್ಲಿಗೇ ನಿಂತಿದೆ. ಉಳಿದದ್ದನ್ನು ಆತಿಯಾ ಮುಗಿಸುತ್ತೇನೆ ಅನ್ನುತ್ತಾಳೆ. ಮೇಲಿನ ತಾತ್ಕಾಲಿಕ ಮುಚ್ಚಳ ಬದಲಿಸುವಷ್ಟಕ್ಕೆ ಬಾಯಿ ತೆರೆಯುತ್ತೇನೆ. ಸೂಜಿ ಕಂಡರೆ ಮುಚ್ಚಿಬಿಡುತ್ತೇನೆ. ಒಬ್ಬರು ಹಿಡಿದ ಕೌದಿಗೆ ಇನ್ನೊಬ್ಬರು ಹೊಲಿಗೆ ಹಾಕಿದರೆ ಸಾಲು ಕೂಡುತ್ತದೆಯೇ? ನನ್ನಂಥ ಹಟಮಾರಿ ರೋಗಿಯನ್ನು ಅವಳು ಕಂಡೇ ಇಲ್ಲವಂತೆ.

ಈ ತಿಂಗಳ ನಡುವೆ ರಂಜಾನ್ ಚಾಂದ್ ಕಾಣುತ್ತದೆ. ರೋಜಾ ಉಪವಾಸ ಹಿಡಿದ ಮೇಲೆ ಹಗಲಲ್ಲಿ ಬಾಯೊಳಗೆ ನೀರು, ಔಷಧಿ ಬಿಡಿಸಿಕೊಳ್ಳಲಾರೆ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರೆ ಹನಿಯೂ ಗಂಟಲಿಗೆ ಇಳಿಯುವುದಿಲ್ಲ ಎಂದು ಆತಿಯಾ ವಾದಿಸುತ್ತಾಳೆ. ಇಳಿಯದಿರಬಹುದು, ನನ್ನ ಮನಸ್ಸು ಒಪ್ಪಬೇಕಲ್ಲ? ಈದ್ ತನಕ ಕಾದರೆ ಹಲ್ಲು ಕೀಳಬೇಕಾಗುತ್ತದಂತೆ. ಆದ್ದರಿಂದ ಚಾಂದ್ ಕಾಣುವ ಮೊದಲೇ ನೀನು ಬರಬೇಕು.

ಮೊನ್ನೆ ನಿನ್ನ ತಾಯಿ ಅಮರಮ್ಮ ಫೋನ್ ಮಾಡಿದ್ದರು. "ಅಕ್ಕಾರ, ಈಕಿಗಿ ಏನಾಗ್ಯದೋ ಏನೋ! ಕಿತ್ತಿದ ಹಲ್ಲು ಎಲ್ಲಿಂದೋ ಡಬ್ಬಿ ತುಂಬ ತಂದಾಳ. ಸೂಜಿಗಿ ಗುರ್ತು ಹಾಕ್ಕೊಂಡು, ಹನಿ ಹನಿ ಬಿಟ್ಟು ಒಂದೊಂದೇ ತೊಳಿಯಾಕತ್ತಾಳ. ಮನಿ ತುಂಬ ಬಟ್ಟಿ ಬಿಳುಪು ಮಾಡೋ ನೀರಿನ ವಾಸನಿರೀ" ಎಂದು ಅತ್ತರು. ನಾನು ನಕ್ಕುಬಿಟ್ಟೆ. ಇದು ಅಳುವ ಸುದ್ದಿಯೇ? ಕೆಲಸ ಒಲ್ಲೆ ಅಂದವಳು, ಆ ಔಷಧಿ ಬೇರಿನ ತುದಿ ದಾಟದಂತೆ ಬಿಡುವುದನ್ನು ಹೀಗೆ ಅಭ್ಯಾಸ ಮಾಡುತ್ತಾಳೆಯೇ? ನನಗೆ ಎಷ್ಟು ಸಂತೋಷವಾಯಿತೆಂದರೆ ಅಂದು ಆತಿಯಾಳಿಗೆ ಶೀರ್‌ಖುರ್ಮಾ ಮಾಡಿಕೊಟ್ಟೆ, ಹಬ್ಬವಿಲ್ಲದೆ. ಸತ್ತ ಹಲ್ಲುಗಳ ಸೇವೆ ಸಾಕು ಮಗಳೇ, ಜೀವವಿರುವ ಅಮ್ಮಿಯ ಹಲ್ಲು ಇಲ್ಲಿ ಕಾಯುತ್ತಿದೆ.

ಇನ್ನೊಂದು ಸುದ್ದಿ. ನಮ್ಮ ಮನೆಯವರ ಅಕ್ಕ ಕುಬ್ರಾ ಬೇಗಂ ಒಂದು ವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮನೆ ತಣ್ಣಗಿದೆ. ಕಾರಣ ಕೆಳಗೆ ಬರೆಯುತ್ತೇನೆ.

ಅಮರಮ್ಮನವರಿಗೆ ನನ್ನ ಸಲಾಂ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಅಲ್ಲಾಹ್ ಬರಕತ್ ಕೊಡಲಿ, ಆ ಕೈ ಎಂದೂ ನಡುಗದಿರಲಿ.

ನಿನ್ನ ಅಮ್ಮಿ,
ಜಾಹೆದಾ

ತಾ.ಕ.: ನೀನು ನನ್ನ ಕೆನ್ನೆ ನೋಡಿ ಹೆದರಿ ಹೋದೆಯೆಂದು ಎಲ್ಲರೂ ತಿಳಿದಿದ್ದರು. ಅಲ್ಲವೆಂದು ನನಗೆ ಗೊತ್ತು. ಅಂದು ಕುಬ್ರಾ ಆಪಾ ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದರು. ಪರದೆಯ ಹಿಂದೆ ನೀನಿದ್ದೆ. ನಮ್ಮ ಜೊತೆ ದಖನಿ ಉರ್ದು ಬಿಟ್ಟು ಬೇರೆ ಮಾತಾಡದವರು, ನಿನಗೆ ಕೇಳಲೆಂದೇ ಕನ್ನಡದಲ್ಲಿ ಅಂದರು: "ಡಾಕ್ಟರ್ ಆದ್ರೇನಾತು? ಕೇರಿ ಹುಡುಗಿ ಕೈ ಬಾಯಾಗ ಹಾಕಿಸ್ಕೊಂಡ್ರ ಮತ್ತೇನಾಗ್ತದ!" ನಾನು ಉತ್ತರ ಕೊಡಲು ಬಾಯಿ ತೆರೆದೆ. ಜೋಮು ಹಿಡಿದ ತುಟಿಯಿಂದ ಜೊಲ್ಲು ಬಂತೇ ಹೊರತು ಮಾತು ಬರಲಿಲ್ಲ. ನೀನು ಪರದೆ ಸರಿಸಿ ನನ್ನ ಮುಖ ನೋಡಿದೆ. ನನ್ನ ಮನಸ್ಸಿನಲ್ಲೂ ಅದೇ ಇದೆ ಎಂದುಕೊಂಡೆಯೇನೋ ಎಂಬುದು ನನ್ನನ್ನು ಇಷ್ಟು ದಿನ ತಿಂದಿದೆ.

ತುಟಿ ನೆಟ್ಟಗಾಗಲೆಂದೇ ಕಾಯುತ್ತಿದ್ದೆ. ಹೋದ ವಾರ ಅದೇ ಬೆಂಚಿನ ಮೇಲೆ, ಜನ ತುಂಬಿರುವಾಗ, ಆಪಾಗೆ ನಾನೂ ಕನ್ನಡದಲ್ಲೇ ಹೇಳಿದೆ: "ಆ ಕೇರಿ ಹುಡುಗಿ ಕೈಗೇ ನಾ ಬಾಯಿ ತೆರಿತೀನಿ. ಬ್ಯಾರೆ ಯಾರ ಕೈಗೂ ತೆರಿಯಂಗಿಲ್ಲ. ಹೆತ್ತ ಮಗಳ ಕೈಗೂ ಇಲ್ಲ."

ಊರೆದುರು ಹೇಳಿಬಿಟ್ಟಿದ್ದೇನೆ, ಉಮಾ. ನೀನು ಬರದಿದ್ದರೆ ನನ್ನ ಹಲ್ಲೂ ಹೋಗುತ್ತದೆ, ಮಾತೂ ಹೋಗುತ್ತದೆ.