ಕೆಂಪು ದಾರದ ಲೋಟ

ಓಸ್ತ್ರಾವಾ, ಮಂಗಳವಾರ

ಅಕ್ಕ,

ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ನಡೆದಿದೆ. ಈ ಊರಿನಲ್ಲಿ ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಯೊಳಗೆ ಕಲ್ಲಿದ್ದಲ ಮಸಿ ಹಿಡಿದಿರುತ್ತದೆ. ಕೋಣೆ ಕೊಟ್ಟ ಮನೆಯೊಡತಿ ಕುಬೆಶೋವಾ ಮೊದಲ ದಿನವೇ ಒಂದು ಲೋಟದ ಹಿಡಿಗೆ ಕೆಂಪು ದಾರ ಕಟ್ಟಿದಳು. "ಇದು ನಿಂದು, ಬೇರೇದು ಮುಟ್ಟಬೇಡ. ನೀವು ಜಿಪ್ಸಿಗಳು ಮಕ್ಕಳನ್ನೂ ಕದೀತೀರಂತೆ, ಕಾದಂಬರೀಲಿ ಓದಿದೀನಿ" ಎಂದಳು. "ನಮ್ಮಕ್ಕನಿಗೇ ಏಳು ಮಕ್ಕಳಿದಾವೆ ಅಮ್ಮಾವ್ರೆ, ಬೇಕಾದ್ರೆ ನೀವೇ ಎರಡು ಇಟ್ಕೊಳ್ಳಿ" ಎಂದೆ. ಅವಳು ನಗಲಿಲ್ಲ.

ಅಜ್ಜಿಗೆ ಹೇಳು, ಇಲ್ಲಿ ಕಾಲುಚೀಲ ಒಗೆದ ಬೋಗುಣಿಯಲ್ಲೇ ಪಾತ್ರೆ ತೊಳೆಯುತ್ತಾರೆ. ಹಾಗಾಗಿ ನಮ್ಮ ಕಟ್ಟಳೆಯಂತೆ ಈ ಮನೆಯಲ್ಲಿ ಮೈಲಿಗೆಯಾಗದ ಲೋಟ ನನ್ನದೊಂದೇ. ಅದನ್ನು ನಾನೇ ನಲ್ಲಿಯ ಕೆಳಗೆ ಹಿಡಿದು ತೊಳೆದಿಟ್ಟುಕೊಳ್ಳುತ್ತೇನೆ. ನನ್ನನ್ನು ಕಂಡರೆ ಅವಳಿಗೆ ಹೇಸಿಗೆ, ಅವಳ ಲೋಟ ಕಂಡರೆ ನನಗೆ. ಎರಡು ತಿಂಗಳು ಹೀಗೇ ಕಳೆಯಿತು.

ಮೊನ್ನೆ ಜ್ವರ ಬಂದು ಮಲಗಿದ್ದೆ. ಗಾಬರಿಪಡಬೇಡ, ಈಗ ಬಿಟ್ಟಿದೆ.

ಆವತ್ತು ಕುಬೆಶೋವಾ ತನ್ನ ಹೂವಿನ ಚಿತ್ರದ ಲೋಟದಲ್ಲೇ ಚಹಾ ತಂದಳು. ಮಂಚದ ಅಂಚಿನಲ್ಲಿ ಕೂತು ನನ್ನ ಹಣೆ ಮುಟ್ಟಿ ನೋಡಿ, "ಕುಡಿಯೇ, ಆರಿಹೋಗುತ್ತೆ" ಎಂದಳು. ಈ ಊರಿಗೆ ಬಂದಮೇಲೆ ನನ್ನನ್ನು ಯಾರೂ ಮುಟ್ಟಿರಲಿಲ್ಲ, ಅಕ್ಕ.

ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಅಜ್ಜಿಗೆ ಓದಿ ಹೇಳುವಾಗ ಜ್ವರ ಬಿಟ್ಟಿತು ಎಂಬಲ್ಲಿಗೇ ನಿಲ್ಲಿಸಿಬಿಡು. ನಾನು ಆ ಚಹಾವನ್ನು ಒಂದು ಹನಿ ಬಿಡದೆ ಕುಡಿದೆ.

ಅರಂಕಾ