ಚೀಲದ ಒಳಗಿನ ಬಟ್ಟೆ

ಅಜ್ಜಂಪುರ
೧೪–೬–೧೯೮೧

ಚಿ. ಸೌ. ಸರ್ವಮಂಗಳಳಿಗೆ ತಾಯಿಯ ಆಶೀರ್ವಾದ.

ಕಾಗದ ತಲುಪಿತು. ಮದುವೆಯಾದ ಮೇಲೆ ನೀನು ಬರೆದ ಮೊದಲ ಕಾಗದ. ಅದರಲ್ಲೂ ಕೈಚೀಲ ಗಟ್ಟಿಯಾಗಿ ನಿಲ್ಲಲು ಒಳಗೆ ಯಾವ ಬಟ್ಟೆ ಕೊಡಬೇಕೆಂದಷ್ಟೇ ಕೇಳಿದ್ದೀಯೆ. ನಿಮ್ಮಪ್ಪ ಓದಿ, “ತರೀಕೆರೇಲಿ ಟೈಲರ್‌ಗಳೇ ಇಲ್ವೇನೇ? ನಿನ್ನ ಮಾತಾಡ್ಸಕ್ಕೊಂದು ನೆಪ ಕಣೇ ಇದು” ಎಂದು ನಕ್ಕರು. ನಾನು ನಗಲಿಲ್ಲ.

ತೆಳು ಬಕ್ರಂ ಬೇಡ. ಅದರ ಬಿಗಿಯೆಲ್ಲ ಗಂಜಿಯದು, ಒಮ್ಮೆ ಒಗೆದರೆ ಜೋತುಬೀಳುತ್ತದೆ. ದಪ್ಪ ಕ್ಯಾನ್ವಾಸ್ ತೆಗೆದುಕೋ. ನೀರಿನಲ್ಲಿ ಚೆನ್ನಾಗಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸು; ಇಲ್ಲದಿದ್ದರೆ ಹೊಲಿದ ಮೇಲೆ ಅದು ಕುಗ್ಗಿ ಹೊರಬಟ್ಟೆಯೂ ಸುಕ್ಕುಗಟ್ಟುತ್ತದೆ. ಇದನ್ನೆಲ್ಲ ನೀನು ಮನೆಯಲ್ಲಿದ್ದಾಗಲೇ ಕಲಿಸಬೇಕಿತ್ತು. ಸೂಜಿ ಮುರಿಯುತ್ತೀಯೆಂದು ಮಿಷನ್ ಮುಟ್ಟಲು ಬಿಡಲಿಲ್ಲ.

ಹೊಲಿದ ಚೀಲವನ್ನು ಅಂಚೆಯಲ್ಲಿ ಕಳಿಸಬೇಡ, ಮಡಿಕೆ ಬೀಳುತ್ತದೆ. ನೀನೇ ತಾ. ಅಳಿಯಂದಿರನ್ನೂ ಕರೆದುಕೊಂಡು ಬಾ. ನೀನೇ ಆರಿಸಿಕೊಂಡ ಮದುವೆಯೆಂದು ನಾನು ಬರಲಿಲ್ಲ. ನಿನಗೆ ಮಡಿಲು ತುಂಬುವುದು ಹಾಗೆಯೇ ಉಳಿದಿದೆ. ಅಕ್ಕಿ, ಕೊಬ್ಬರಿ, ಬೆಲ್ಲ ಎಲ್ಲವನ್ನೂ ಆ ಚೀಲದಲ್ಲೇ ಹಾಕಿಕೊಡುತ್ತೇನೆ.

ದೊಡ್ಡದಾಗಿಯೇ ಹೊಲಿ.

ನಿನ್ನ ತಾಯಿ,
ಕಲ್ಲಮ್ಮ