ನನ್ನ ಮಗಳನ್ನು ಕಚ್ಚಿದ್ದು ಆ ನಾಯಿಯಲ್ಲ

ನಮ್ಮ ಊರಿನ ಆರೋಗ್ಯದ ಹೊಣೆ ಹೊತ್ತಿರುವ ಮಾನ್ಯರೇ,

ನಾಯಿಗಳ ಕುರಿತ ನಿಮ್ಮ ಆದೇಶ 'ಎಂಟು ವರ್ಷದ ಬಾಲಕಿಯೊಬ್ಬಳು ಉಗ್ರ ತಳಿಯ ನಾಯಿಗೆ ಬಲಿಯಾದ ಹಿನ್ನೆಲೆಯಲ್ಲಿ' ಎಂದು ಆರಂಭವಾಗುತ್ತದೆ. ಆ ಬಾಲಕಿ ನನ್ನ ಮಗಳು ಮುನೀರಾ. ಅವಳನ್ನು ಕಚ್ಚಿದ್ದು ಉಗ್ರ ತಳಿಯ ನಾಯಿಯಲ್ಲ, ನಮ್ಮ ಗೇಟಿನಾಚೆ ಮೋರಿಯ ಕೆಳಗೆ ಹುಟ್ಟಿದ ಬೀದಿನಾಯಿಯ ಮರಿ. ನಿಮ್ಮ ಕೋಟಿನ ಜೇಬಿನಲ್ಲಿ ಹಿಡಿಸುವಷ್ಟಿತ್ತು. ಆದೇಶ ಬರೆಯುವ ಮುನ್ನ ನಮ್ಮ ಮನೆಗೆ ಬಂದು ಕೇಳಿದ್ದರೆ ಹೇಳುತ್ತಿದ್ದೆವು. ಕೇಳಿದ್ದರೆ ಆದೇಶದ ಮೊದಲ ಸಾಲು ಕೆಡುತ್ತಿತ್ತೇನೋ.

ನಾನು ನಾಯಿಗಳ ಪಕ್ಷದವಳಲ್ಲ. ನಮ್ಮ ಮನೆಯಲ್ಲಿ ನಾಯಿ ಹೊಸ್ತಿಲು ದಾಟುವುದಿಲ್ಲ. ಅದಕ್ಕೇ ಮುನೀರಾ ಗೇಟಿನ ಸರಳುಗಳ ನಡುವೆ ಕೈ ತೂರಿಸಿ ಮರಿಗೆ ರೊಟ್ಟಿ ಹಾಕುತ್ತಿದ್ದಳು. ಒಂದು ದಿನ ಬೆರಳಿಗೆ ಹಲ್ಲು ತಾಗಿತು. ನನ್ನ ಅತ್ತೆ ಅರಿಶಿನ ಹಚ್ಚಿ, "ಹಾಲುಹಲ್ಲಿನ ಮರಿ, ಏನಾಗ್ತದೆ" ಅಂದರು. ಇಂಗ್ಲಿಷ್ ಶಾಲೆಯಲ್ಲಿ ಓದಿದ ನಾನೂ ಹಾಗೆಯೇ ಅಂದುಕೊಂಡೆ. ಮರಿ ಸತ್ತಿತು. ಕೆಲವು ವಾರಗಳ ನಂತರ ಅವಳು ನೀರಿನ ಲೋಟ ಕಂಡು ಹೆದರಿದಳು. ಮುಂದಿನದು ನಿಮ್ಮ ಕಡತದಲ್ಲಿದೆ.

ನಿಮ್ಮ ಆದೇಶದಿಂದ ಸಮಾಧಾನವಾಯಿತೇ ಎಂದು ನನ್ನನ್ನೇ ಕೇಳಿಕೊಂಡೆ. ಏನೂ ಆಗಲಿಲ್ಲ. ಈಗೀಗ ನನಗೆ ಏನೂ ಆಗುವುದಿಲ್ಲ. ಅನ್ನ ಬೇಯುತ್ತದೆ, ಬಡಿಸುತ್ತೇನೆ. ಪತ್ರಿಕೆಯಲ್ಲಿ ಆದೇಶದ ಪರವಾಗಿ ಬರೆದವರು ನನ್ನ ಮಗಳ ಮಾತೆತ್ತಿದ್ದಾರೆ, ವಿರೋಧಿಸಿದವರೂ ಎತ್ತಿದ್ದಾರೆ. ಎರಡನ್ನೂ ಓದಿ ಮಡಿಸಿಟ್ಟೆ.

ನೀವು ನಿಷೇಧಿಸಿದ ತಳಿಗಳಲ್ಲಿ ಹೆಚ್ಚಿನವು ವಿಲಾಯಿತಿ ನಾಯಿಗಳು. ಯಾವ ಪುಸ್ತಕದಿಂದ ಬಂದವೋ, ನಮ್ಮ ಊರಿಗಂತೂ ಬಂದಿಲ್ಲ. ಕೊನೆಯಲ್ಲಿ 'ಕುರಿಗಾರರ ನಾಯಿಗಳೂ ಸೇರಿದಂತೆ' ಎಂದಿದೆ. ಹಿಡಿಯಲು ನಿಮಗೆ ಸಿಕ್ಕಿದ್ದು ಅದೊಂದೇ. ಹರಿಯಬ್ಬೆ ಕಡೆಯ ಜುಂಜಪ್ಪ ಕಳೆದ ಬುಧವಾರ ಕುರಿ ಹೊಡೆದುಕೊಂಡು ಊರು ದಾಟುತ್ತಿದ್ದಾಗ ನಿಮ್ಮ ಜನ ಅವನ ನಾಯಿಯನ್ನು ಎಳೆದೊಯ್ದರು. ಕುತ್ತಿಗೆಯಲ್ಲಿ ಮುಳ್ಳುಪಟ್ಟಿ ಇತ್ತು, ಆದ್ದರಿಂದ ಉಗ್ರ ಎಂದು ತೀರ್ಮಾನವಾಯಿತಂತೆ.

ಶುಕ್ರವಾರ ಅವನ ಹೆಂಡತಿ ಯಲ್ಲಕ್ಕ ನಮ್ಮ ಗೇಟಿನ ಹೊರಗೆ ಬಂದು ನಿಂತರು. ಒಳಗೆ ಬಂದು ಕೂರಲು ಹೇಳಿದೆ.

"ಬ್ಯಾಡ ಬೂಬಮ್ಮ, ಮೈಯೆಲ್ಲ ನಾಯಿ ಮುಟ್ಟಿದ್ದು. ನಿಮ್ ಮನ್ಯಾಗೆ ಆಗಾಕಿಲ್ಲ."

ಅವರಿಗೆ ನಮ್ಮ ಮನೆಯ ರೀತಿ ಗೊತ್ತಿತ್ತು. ನಿಂತೇ ಹೇಳಿದರು: "ನಿಮ್ ಮಗೀನ್ ಸಲುವಾಗಿ ಹಿಡ್ಕಂಡು ಹೋಗ್ಯಾರಂತೆ. ನಿಮ್ ಮಗಿಗೆ ಹಂಗಾದಾಗ ನಾವು ಹೊಸದುರ್ಗದ ಕಡೆ ಇದ್ವಿ. ನಮ್ ನಾಯಿ ಅದ್ರ ಮಕ ಸೈತ ನೋಡಿಲ್ಲ."

"ಆ ಮುಳ್ಳುಪಟ್ಟಿ ಯಾಕೆ?" ಎಂದು ಕೇಳಿದೆ.

"ತೋಳ ಕುತ್ಗೆಗೇ ಬಾಯಿ ಹಾಕತೈತೆ. ಅದ್ರ ಜೀವ ಉಳೀಲಿ ಅಂತ ಕಟ್ಟಿದ್ದು. ಅದಿಲ್ದೆ ಎಲ್ಡು ರಾತ್ರಿಂದ ಇಬ್ರೂ ಕಣ್ಣು ಮುಚ್ಚಿಲ್ಲ. ನೀವು ಒಂದು ಮಾತು ಹೇಳ್ರಿ, ಬಿಟ್ಟಾರು."

ನಾವಿಬ್ಬರೂ ನಿಮ್ಮ ಕಚೇರಿಗೆ ಬಂದೆವು. ನೀವು ಇರಲಿಲ್ಲ. ನಾಯಿ ಇತ್ತು, ಹಿತ್ತಿಲ ಬೇವಿನ ಮರಕ್ಕೆ ಕಟ್ಟಿದ್ದರು. ಯಲ್ಲಕ್ಕನನ್ನು ಕಂಡು ಬಾಲ ಅಲ್ಲಾಡಿಸಿತು. ನಿಮ್ಮ ಗುಮಾಸ್ತರು ನನಗೆ ಕುರ್ಚಿ ಕೊಟ್ಟರು, ಯಲ್ಲಕ್ಕನಿಗೆ ಬಾಗಿಲು ತೋರಿಸಿದರು.

"ಮೇಡಂ, ನಿಮ್ಮ ಮಗೂಗೆ ನ್ಯಾಯ ಸಿಗ್ಲಿ ಅಂತ್ಲೇ ಸಾಹೇಬ್ರು ಇಷ್ಟೆಲ್ಲ ಮಾಡಿರೋದು. ನೀವೇ ಬಂದು ಬಿಡ್ರಿ ಅಂದ್ರೆ ಹೆಂಗೆ?"

"ಈ ನಾಯಿ ಕಚ್ಚಿಲ್ಲ."

"ಕಚ್ಚಿಲ್ಲ, ಸರಿ. ಕಚ್ಚೋ ಜಾತೀದು ಐತಲ್ಲ."

ಬಾಗಿಲ ಬಳಿ ನಿಂತಿದ್ದ ಯಲ್ಲಕ್ಕ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಂಥ ಮಾತು ನಮ್ಮಿಬ್ಬರಿಗೂ ಹೊಸದಾಗಿರಲಿಲ್ಲ.

ಮೋರಿಯ ಕೆಳಗಿನ ತಾಯಿನಾಯಿ, ಉಳಿದ ಮರಿಗಳು ಈಗಲೂ ಅಲ್ಲೇ ಇವೆ. ಅವಕ್ಕೆ ತಳಿಯಿಲ್ಲ. ಹಾಗಾಗಿ ನಿಮ್ಮ ಆದೇಶದ ಪ್ರಕಾರ ಅಪಾಯವೂ ಇಲ್ಲ. ಹುಚ್ಚುನಾಯಿ ರೋಗ ತಳಿ ಕೇಳಿ ಬರುತ್ತದೆಯೇ? ಉಗ್ರ ತಳಿಯ ನಾಯಿಯೇ ಕಚ್ಚಿದ್ದರೆ ನಾವು ಹೆದರಿ ಅಂದೇ ಆಸ್ಪತ್ರೆಗೆ ಓಡುತ್ತಿದ್ದೆವು, ಅವಳು ಉಳಿಯುತ್ತಿದ್ದಳೇನೋ. ಇದನ್ನು ನಾನು ದಿನವೂ ಯೋಚಿಸುತ್ತೇನೆ. ನೀವು ಒಮ್ಮೆ ಯೋಚಿಸಿ.

ಸೋಮವಾರ ಆ ನಾಯಿಗೆ ವಿಷದ ಉಂಡೆ ಹಾಕುತ್ತಾರೆಂದು ನಿಮ್ಮ ಗುಮಾಸ್ತರು ಹೇಳಿದ್ದಾರೆ. ಅಷ್ಟರೊಳಗೆ ಅದನ್ನು ಜುಂಜಪ್ಪನಿಗೆ ಒಪ್ಪಿಸಿ, ಪಟ್ಟಿಯ ಸಮೇತ. ಆದೇಶ ಅಂಟಿಸಿದ ಫಲಕಗಳ ಮೇಲೆ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿ: ಯಾವ ನಾಯಿಯ ಹಲ್ಲು ತಾಗಿದರೂ, ಹಾಲುಹಲ್ಲಿನ ಮರಿಯದಾದರೂ, ಸೋಪು ಹಾಕಿ ತೊಳೆದು ಅಂದೇ ಚುಚ್ಚುಮದ್ದಿಗೆ ಬನ್ನಿ. ಬಂದವರಿಗೆ ಮದ್ದು ಸಿಗುವಂತೆಯೂ ನೋಡಿಕೊಳ್ಳಿ.

ಇದಾವುದೂ ಆಗದಿದ್ದರೆ ಆದೇಶದ ಮೊದಲ ಸಾಲಿನಿಂದ ನನ್ನ ಮಗಳನ್ನಾದರೂ ತೆಗೆಯಿರಿ. ಅವಳು ನಾಯಿಗೆ ರೊಟ್ಟಿ ಹಾಕುತ್ತಿದ್ದವಳು. ಉಂಡೆಯನ್ನು ಅವಳ ಲೆಕ್ಕದಲ್ಲಿ ಹಾಕಬೇಡಿ.

ಇಂತಿ,
ನಿಮ್ಮಿಂದ ಈಗಾಗಲೇ ನ್ಯಾಯ ಪಡೆದವಳೆಂದು ದಾಖಲಾಗಿರುವ
ಮಲೀಕಾ
ನವೆಂಬರ್ ೧೯೭೪